ಉತ್ತರಕುಮಾರ ಓಡಿದ ದಾರಿ: ಹಾಸ್ಯದ ಗಾಂಭೀರ್ಯವನ್ನು ಕುರಿತು ಒಂದು ಸಂವಾದ

ಬರವಣಿಗೆಯಲ್ಲಿ ಹಾಸ್ಯವು ಗಾಂಭೀರ್ಯವನ್ನೂ ಆಳವನ್ನೂ ಹೊರಬಲ್ಲುದೇ ಎಂಬ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಆದರೆ ಅದಕ್ಕೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಲಲಿತಪ್ರಬಂಧ, ನಗೆನಾಟಕ, ವಿನೋದ ಪತ್ರಿಕೆಗಳ ಕಡೆಗೇ ಹೋಗುತ್ತಾರೆ. ಈ ಸಂವಾದ ಅದೇ ಪ್ರಶ್ನೆಯನ್ನು ಧಾರವಾಡ ಜಿಲ್ಲೆಯ ಹಳ್ಳಿಗಾಡಿನಿಂದ, ಅಂದರೆ ಅಣ್ಣಿಗೇರಿ, ಕೋಳಿವಾಡ, ಕಳಸಗಳ ಕಡೆಯಿಂದ ನೋಡುತ್ತದೆ. ಮಾತನಾಡುವವರು ಇಬ್ಬರು: ಅಣ್ಣಿಗೇರಿಯಲ್ಲಿ ಬಹುಕಾಲ ಕನ್ನಡ ಕಲಿಸಿ ನಿವೃತ್ತರಾದ, ಊರಲ್ಲಿ ಪುರಾಣ ಹಚ್ಚಿದಾಗ ಅರ್ಥ ಹೇಳಲು ಹೋಗುವ ಹಿರಿಯರು; ಅವರಲ್ಲಿಯೇ ಕಲಿತು ಈಗ ಕುಂದಗೋಳದಲ್ಲಿ ಪಾಠ ಹೇಳುತ್ತಿರುವ ಉಪನ್ಯಾಸಕಿ. ಹಿರಿಯರದು ಸಂಶಯದ ಪಕ್ಷ, ಮತ್ತು ಅದು ಬಲವಿಲ್ಲದ ಪಕ್ಷವೇನೂ ಅಲ್ಲ.

ಹಿರಿಯರು: ಹಾಸ್ಯ ರಸವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ತಂಗಿ, ಭರತನು ನಾಟ್ಯಶಾಸ್ತ್ರದಲ್ಲಿ ಎಣಿಸಿದ ಎಂಟು ರಸಗಳಲ್ಲಿ ಅದೂ ಒಂದು. ಆದರೆ ಎಲ್ಲ ರಸಗಳೂ ಒಂದೇ ಎತ್ತರದವೆಂದು ಭರತನೂ ಹೇಳಿಲ್ಲ. ಹಾಸ್ಯದ ವಿಭಾವಗಳು, ಅಂದರೆ ಆ ರಸ ಹುಟ್ಟಲು ಕಾರಣವಾಗುವ ಸಂಗತಿಗಳು, ಅವನ ಪ್ರಕಾರ ವಿಕಾರವಾದ ವೇಷ, ಹೊಂದದ ಒಡವೆ, ಅಸಂಬದ್ಧ ಮಾತು ಇಂಥವು. ನಗೆಯನ್ನು ಅವನು ಆರು ಬಗೆಯಾಗಿ ವಿಂಗಡಿಸಿ ಸ್ಮಿತ ಮತ್ತು ಹಸಿತಗಳನ್ನು ಉತ್ತಮರಿಗೂ, ವಿಹಸಿತ ಮತ್ತು ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ ಮತ್ತು ಅತಿಹಸಿತಗಳನ್ನು ಅಧಮರಿಗೂ ಹಂಚಿಕೊಟ್ಟಿರುವುದನ್ನು ನೋಡಿದರೆ, ನಗೆ ದೊಡ್ಡದಾದಷ್ಟೂ ಅದರ ಘನತೆ ಇಳಿಯುತ್ತದೆಂಬುದೇ ಅವನ ಅಭಿಪ್ರಾಯವೆಂದು ತಿಳಿಯುತ್ತದೆ. ಇನ್ನು ಆಳವೆಂದರೇನು ಎಂಬುದಕ್ಕೆ, ತಾಯಿಯ ಕಡೆಯಿಂದ ಅಣ್ಣಿಗೇರಿಗೆ ಸೇರಿದ ಪಂಪನ ಆದಿಪುರಾಣವೇ ಸಾಕು. 941ರ ಆ ಕಾವ್ಯದಲ್ಲಿ ನೀಲಾಂಜನೆ ಕುಣಿಯುತ್ತಿರುವಾಗಲೇ ಅವಳ ಆಯುಷ್ಯ ಮುಗಿದು ಅವಳು ಇಲ್ಲವಾಗುತ್ತಾಳೆ. ಇಂದ್ರನು ರಸಭಂಗವಾಗದಂತೆ ಅಂಥದೇ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಯಲ್ಲಿ ಯಾರಿಗೂ ತಿಳಿಯದ ಆ ಬದಲಾವಣೆ ಆದಿದೇವನೊಬ್ಬನಿಗೆ ತಿಳಿದು ಅವನು ವಿರಕ್ತನಾಗುತ್ತಾನೆ. ಯಾವ ನಗೆಯಿಂದ ಈ ಕೆಲಸ ಆದೀತು?

ಉಪನ್ಯಾಸಕಿ: ಅದೇ ಭರತನು ಹಾಸ್ಯವು ಹೆಚ್ಚಾಗಿ ಕಂಡುಬರುವುದು ಹೆಂಗಸರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಎಂದು ಹೇಳಿರುವುದರಿಂದ, ಈ ವಿಷಯದಲ್ಲಿ ಒಬ್ಬ ಹೆಂಗಸಿನ ಸಾಕ್ಷಿಗೆ ತಾವು ಸ್ವಲ್ಪ ಹೆಚ್ಚಿನ ಬೆಲೆ ಕೊಡಬೇಕಾದೀತು, ಗುರುಗಳೇ. ಭರತನ ಪಟ್ಟಿಯನ್ನು ಅಲ್ಲಿಗೇ ಬಿಡದೆ ಅಭಿನವಗುಪ್ತನ ವ್ಯಾಖ್ಯಾನದವರೆಗೆ ಬಂದರೆ ಹಾಸ್ಯದ ಸ್ಥಾನ ಬೇರೆಯಾಗಿ ಕಾಣುತ್ತದೆ. ಯಾವುದೇ ರಸವು ಸಲ್ಲದ ಕಡೆಯಲ್ಲಿ, ಸಲ್ಲದ ವ್ಯಕ್ತಿಯಲ್ಲಿ ತೋರಿಕೊಂಡರೆ ಅದು ರಸವಲ್ಲ, ರಸಾಭಾಸ, ಅಂದರೆ ರಸದಂತೆ ಕಾಣುವ ಬರಿಯ ತೋರಿಕೆ. ಅಂಥ ಎಲ್ಲ ಆಭಾಸಗಳಿಂದಲೂ ಹಾಸ್ಯ ಹುಟ್ಟಬಲ್ಲದು ಎಂಬುದು ಅವನ ಮಾತಿನ ಸಾರ. ಶೃಂಗಾರದ ಸೋಗು, ವೀರದ ಸೋಗು, ವೈರಾಗ್ಯದ ಸೋಗು ಇವುಗಳನ್ನು ಗುರುತಿಸುವ ಕಣ್ಣು ಹಾಸ್ಯಕ್ಕಿದೆ ಎಂದು ಇದರಿಂದ ಸಿದ್ಧವಾದರೆ, ಅದು ಉಳಿದ ರಸಗಳ ಕೆಳಗೆ ಕೂರುವ ರಸವಾಗುವುದಿಲ್ಲ. ಅವುಗಳ ನಿಜವನ್ನು ಪರೀಕ್ಷಿಸುವ ರಸವಾಗುತ್ತದೆ.

ಹಿರಿಯರು: ಶಾಸ್ತ್ರದಲ್ಲಿ ಇದು ಚೆಂದ. ಕಾವ್ಯದಲ್ಲಿ ತೋರಿಸಬೇಕು.

ಉಪನ್ಯಾಸಕಿ: ತೋರಿಸಲು ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿ ತಾಲೂಕಿನ ಕೋಳಿವಾಡದ ಕುಮಾರವ್ಯಾಸನು ಗದುಗಿನ ವೀರನಾರಾಯಣನ ಹೆಸರಿನಲ್ಲಿ ಬರೆದ ಕರ್ಣಾಟ ಭಾರತ ಕಥಾಮಂಜರಿಯ ವಿರಾಟಪರ್ವವನ್ನು ತಾವೇ ಎಷ್ಟೋ ಊರುಗಳಲ್ಲಿ ವಿವರಿಸಿದ್ದೀರಿ. ಅದನ್ನು ಜನ ಓದಿಸುವುದು ಯಾವಾಗ ಎಂಬುದನ್ನು ತಾವೇ ಹೇಳಬೇಕು.

ಹಿರಿಯರು: ಮಳೆ ಹೋದಾಗ. ನವಲಗುಂದ, ಅಣ್ಣಿಗೇರಿಯ ಎರೆ ಭೂಮಿ ಆಕಾಶವನ್ನೇ ನಂಬಿದ್ದು. ಬಿತ್ತಿದ್ದು ಒಣಗತೊಡಗಿದರೆ ಗುಡಿಯಲ್ಲಿ ವಿರಾಟಪರ್ವ ಹಚ್ಚುವ ರೂಢಿ ಇಲ್ಲಿಯದಷ್ಟೇ ಅಲ್ಲ, ಕನ್ನಡನಾಡಿನ ಎಷ್ಟೋ ಕಡೆ ಇದೆ. ಅದಕ್ಕೆ ಕಥೆಯಲ್ಲಿಯೇ ಆಧಾರವೂ ಉಂಟು. ಅಜ್ಞಾತವಾಸದಲ್ಲಿರುವ ಪಾಂಡವರನ್ನು ಎಲ್ಲಿ ಹುಡುಕಬೇಕೆಂಬ ಪ್ರಶ್ನೆ ಬಂದಾಗ, ಧರ್ಮರಾಯನಿರುವ ನಾಡಿನಲ್ಲಿ ಕಾಲಕ್ಕೆ ಸರಿಯಾಗಿ ಮಳೆಯಾಗುತ್ತದೆ, ಹಸುಗಳು ಹಾಲು ಕರೆಯುತ್ತವೆ, ಅಂಥ ನಾಡನ್ನು ನೋಡಿರಿ ಎಂಬ ಅರ್ಥದ ಮಾತನ್ನು ಭೀಷ್ಮ ಆಡುತ್ತಾನೆ. ಆದ್ದರಿಂದ ಜನ ಕೂರುವುದು ಮಳೆಗಾಗಿ, ನಗೆಗಾಗಿ ಅಲ್ಲ.

ಉಪನ್ಯಾಸಕಿ: ಆದರೂ ನಗುತ್ತಾರೆ. ಬೆಳೆ ಹೋಗುತ್ತಿರುವ ಹೊತ್ತಿನಲ್ಲಿ, ಸಾಲದ ಕಂತು ತಲೆಯ ಮೇಲಿರುವ ಹೊತ್ತಿನಲ್ಲಿ ಕುಳಿತ ಮಂದಿ ಉತ್ತರಕುಮಾರನ ಪ್ರಸಂಗ ಬಂದೊಡನೆ ಗುಡಿಯ ಕಟ್ಟೆ ಅದುರುವಂತೆ ನಗುವುದನ್ನು ಆ ಊರುಗಳಲ್ಲಿ ಕಂಡವರಿಗೆ, ಹಾಸ್ಯ ಹಗುರವಾದ ಮನಸ್ಸಿನ ಸರಕು ಎಂಬ ಮಾತು ಹಿಡಿಸುವುದಿಲ್ಲ. ಆ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೌರವರು ವಿರಾಟನ ಗೋವುಗಳನ್ನು ಹೊಡೆದುಕೊಂಡು ಹೋಗುತ್ತಿದ್ದಾರೆಂದು ಗೋವಳರು ಬಂದು ಮೊರೆಯಿಡುತ್ತಾರೆ. ಅರಮನೆಯ ಹೆಂಗಸರ ನಡುವೆ ಕುಳಿತ ಉತ್ತರನು, ಒಬ್ಬ ಸಾರಥಿ ಸಿಕ್ಕರೆ ಸಾಕು, ಭೀಷ್ಮದ್ರೋಣಾದಿಗಳನ್ನು ನೋಡಿಕೊಳ್ಳುವೆನೆಂದು ಕೊಚ್ಚಿಕೊಳ್ಳುತ್ತಾನೆ. ಸೈರಂಧ್ರಿಯ ವೇಷದ ದ್ರೌಪದಿಯ ಸೂಚನೆಯಿಂದ ಹೆಣ್ಣುವೇಷದಲ್ಲಿ ಬೃಹನ್ನಳೆಯಾಗಿದ್ದ ಅರ್ಜುನ ಸಾರಥಿಯಾಗುತ್ತಾನೆ. ಕೌರವರ ಸೈನ್ಯ ಕಣ್ಣಿಗೆ ಬಿದ್ದ ಕೂಡಲೇ ರಾಜಕುಮಾರ ರಥದಿಂದ ಧುಮುಕಿ ಓಡುತ್ತಾನೆ. ಹಿಂದೆ ಬೃಹನ್ನಳೆ ಓಡುತ್ತಾಳೆ. ಹಿಡಿದು ನಿಲ್ಲಿಸಿ ವೀರಧರ್ಮವನ್ನು ನೆನಪಿಸಿದಾಗ, ರಣದಲ್ಲಿ ಸತ್ತರೆ ದೊರೆಯುವ ದೇವಲೋಕದ ಹೆಂಗಸರ ಸುಖ ಅಂತಿರಲಿ, ತನಗೆ ಅರಮನೆಯ ಹೆಂಗಸರೇ ಸಾಕು ಎಂಬ ಧಾಟಿಯಲ್ಲಿ ಅವನು ಉತ್ತರ ಕೊಡುತ್ತಾನೆ.

ಹಿರಿಯರು: ಅಲ್ಲಿಯೇ ಜನ ಬಿದ್ದು ಬಿದ್ದು ನಗುವುದು. ಹೇಡಿಯ ಮಾತಿಗೆ ನಗುತ್ತಾರೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಹುಟ್ಟಿದ್ದೂ ಅದಕ್ಕೆ.

ಉಪನ್ಯಾಸಕಿ: ಈಗ ಗುಡಿಯ ಅಂಗಳದಲ್ಲಿರುವ ವೀರಗಲ್ಲಿನ ಕಡೆಗೆ ತಿರುಗಿ ನೋಡಬೇಕು. ವೀರಗಲ್ಲೆಂದರೆ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಧಾರವಾಡ ಸೀಮೆಯಲ್ಲಿ ಇವು ಎಣಿಸಲಾರದಷ್ಟಿವೆ, ಮತ್ತು ಇವುಗಳಲ್ಲಿ ಎಷ್ಟೋ ತುರುಗೋಳಿಗೆ ಸಂಬಂಧಿಸಿದವು, ಅಂದರೆ ಊರ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ ಮಡಿದವರವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಒಯ್ಯುವ ದೇವಕನ್ಯೆಯರು, ಮೇಲಿನ ಪಟ್ಟಿಕೆಯಲ್ಲಿ ಲಿಂಗದೆದುರು ಕೈಮುಗಿದು ಕುಳಿತ ಅದೇ ವೀರ. ವಿರಾಟಪರ್ವದ ಗೋಗ್ರಹಣವೂ ಒಂದು ತುರುಗೋಳೇ. ನಡುವಿನ ಪಟ್ಟಿಕೆಯ ಆಶ್ವಾಸನೆಯನ್ನು ನಂಬಿ ಎಷ್ಟೋ ತಲೆಮಾರುಗಳು ಸತ್ತ ನಾಡಿನಲ್ಲಿ ಕುಳಿತು, ಆ ಆಶ್ವಾಸನೆ ತನಗೆ ಬೇಡವೆಂದು ಹೇಳುವ ಒಬ್ಬ ಹುಡುಗನನ್ನು ಕೋಳಿವಾಡದ ಕವಿ ನಿಲ್ಲಿಸಿದ್ದಾನೆ. ಅದೇ ಮಾತನ್ನು ಗಂಭೀರವಾಗಿ, ಒಬ್ಬ ಮುನಿಯ ಬಾಯಲ್ಲೋ ಒಬ್ಬ ತತ್ತ್ವಜ್ಞನ ಬಾಯಲ್ಲೋ ಆಡಿಸಿದ್ದರೆ ಊರಿನ ಗೌಡನೂ ಒಪ್ಪುತ್ತಿರಲಿಲ್ಲ, ಅರಸನೂ ಒಪ್ಪುತ್ತಿರಲಿಲ್ಲ. ಹೇಡಿಯ ಬಾಯಲ್ಲಿ ಇಟ್ಟದ್ದರಿಂದ ಎಲ್ಲರೂ ನಕ್ಕರು. ನಗುವಾಗ ಆ ಮಾತು ಒಳಗೆ ಹೋಯಿತು.

ಹಿರಿಯರು: ಇಲ್ಲೊಂದು ತೊಡಕಿದೆ, ತಂಗಿ. ಕಹಿ ಮದ್ದಿಗೆ ಬೆಲ್ಲ ಸವರಿ ಕೊಡುವಂತೆ ಹಾಸ್ಯ ಎಂದು ಹೇಳಿದಂತಾಯಿತು. ಬೆಲ್ಲ ಬೆಲ್ಲವೇ, ಮದ್ದು ಮದ್ದೇ. ಆಳ ಮದ್ದಿನಲ್ಲಿದ್ದರೆ ಹಾಸ್ಯಕ್ಕೆ ಯಾಕೆ ಅದರ ಹಿರಿಮೆ?

ಉಪನ್ಯಾಸಕಿ: ಆ ಆಕ್ಷೇಪ ನಿಜವಾಗಿ ಸಲ್ಲುವ ಕವಿಗಳಿದ್ದಾರೆ. ಮುಳಗುಂದದ ನಯಸೇನನು 1112ರಲ್ಲಿ ರಚಿಸಿದ ಧರ್ಮಾಮೃತದಲ್ಲಿ ಜೈನಧರ್ಮದ ತತ್ತ್ವಗಳಿಗೆ ಹದಿನಾಲ್ಕು ಕಥೆಗಳನ್ನು ಹೊಂದಿಸಿ, ಗಾದೆಗಳನ್ನೂ ಹಳ್ಳಿಯ ಹೋಲಿಕೆಗಳನ್ನೂ ಸರಮಾಲೆಯಾಗಿ ಪೋಣಿಸಿ ನಗಿಸುತ್ತಾನೆ. ಆದರೆ ಬಹಳ ಕಡೆ ಕಥೆಯಿಂದ ನೀತಿಯನ್ನು ಬಿಡಿಸಿ ತೆಗೆದರೂ ನಗೆ ಉಳಿಯುತ್ತದೆ, ನಗೆಯನ್ನು ತೆಗೆದರೂ ನೀತಿ ಉಳಿಯುತ್ತದೆ. ಅದೇ ಶತಮಾನದ ಬ್ರಹ್ಮಶಿವನ ಸಮಯಪರೀಕ್ಷೆಯಲ್ಲಿ ಪರಮತಗಳ ಗೇಲಿ ಇನ್ನೂ ಖಾರವಾಗಿದ್ದರೂ, ನಗುವವನಿಗೆ ಉತ್ತರ ಮೊದಲೇ ಗೊತ್ತಿರುವುದರಿಂದ ಆ ನಗೆ ಯಾವುದನ್ನೂ ಹುಡುಕುವುದಿಲ್ಲ. ಉತ್ತರನ ಪ್ರಸಂಗ ಹಾಗಲ್ಲವೆಂಬುದನ್ನು ಒಂದು ಪರೀಕ್ಷೆಯಿಂದ ನೋಡಬಹುದು: ಅದರಿಂದ ನಗೆಯನ್ನು ಪೂರ್ತಿ ತೆಗೆದುಬಿಟ್ಟರೆ ಏನು ಉಳಿಯುತ್ತದೆ? ರಥದಲ್ಲಿ ನಿಂತ ಕ್ಷತ್ರಿಯನೊಬ್ಬ ಎದುರಿನ ಸೈನ್ಯವನ್ನು ನೋಡಿ, ಮೈನಡುಗಿ, ಯುದ್ಧ ಮಾಡಲಾರೆನೆಂದು ಹೇಳುತ್ತಾನೆ. ಸಾರಥಿ ಅವನನ್ನು ತಡೆದು ಕ್ಷಾತ್ರಧರ್ಮವನ್ನು ಹೇಳುತ್ತಾನೆ. ಇದು ಎಲ್ಲಿಯ ಚಿತ್ರ, ಗುರುಗಳೇ?

ಹಿರಿಯರು: ಭೀಷ್ಮಪರ್ವದ ಆರಂಭ. ಗೀತೆಯ ಮೊದಲ ಎರಡು ಅಧ್ಯಾಯ.

ಉಪನ್ಯಾಸಕಿ: ವಿರಾಟನಗರದ ಹೊರಗೆ ಸಾರಥಿಯ ಜಾಗದಲ್ಲಿದ್ದ ಅರ್ಜುನನೇ ಕುರುಕ್ಷೇತ್ರದಲ್ಲಿ ರಥಿಕನ ಜಾಗದಲ್ಲಿ ನಿಂತು ಗಾಂಡೀವವನ್ನು ಕೆಳಗಿಡುತ್ತಾನೆ. ಭಾರತ ಒಂದೇ ಸಂಗತಿಯನ್ನು ಎರಡು ಸಲ ಹೇಳಿದೆ, ಮೊದಲ ಸಲ ನಗುತ್ತ. ಹಾಗೆ ನಗುತ್ತ ಹೇಳಿದ್ದರಿಂದಲೇ, ಉತ್ತರನಿಗೆ ನಕ್ಕ ಕೇಳುಗ ಅರ್ಜುನನೆದುರು ದೊಡ್ಡಸ್ತಿಕೆಯಿಂದ ಕೂರಲು ಆಗುವುದಿಲ್ಲ.

ಹಿರಿಯರು: ಎರಡನ್ನೂ ಒಂದೇ ಎಂದು ಹೇಳಲು ಬರುವುದಿಲ್ಲ. ಉತ್ತರನದು ಜೀವಭಯ, ಅರ್ಜುನನದು ಬಂಧುಗಳನ್ನು ಕೊಲ್ಲಬೇಕಲ್ಲ ಎಂಬ ಕರುಣೆ.

ಉಪನ್ಯಾಸಕಿ: ಆ ಅಂತರವನ್ನು ಅಳೆಯುವ ಕೋಲು ಎಲ್ಲಿಂದ ಬಂತು? ಉತ್ತರ ಓಡದೆ ಇದ್ದಿದ್ದರೆ, ಅರ್ಜುನನ ನಡುಕದಲ್ಲಿ ಭಯವೆಷ್ಟು, ಕರುಣೆಯೆಷ್ಟು ಎಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಇನ್ನೊಂದು ಮಾತು. ಅಂದು ಗೋವುಗಳನ್ನು ಹಿಡಿದು ನಿಂತ ಸೈನ್ಯದಲ್ಲಿ ಭೀಷ್ಮ, ದ್ರೋಣ, ಕರ್ಣರೆಲ್ಲ ಇದ್ದರು. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಇವರೆಲ್ಲ ಕುಳಿತೇ ಇದ್ದರು. ಅದೇ ದ್ರೌಪದಿ ದಾಸಿಯ ವೇಷದಲ್ಲಿ, ಜಗದೇಕವೀರ ಹೆಣ್ಣುವೇಷದಲ್ಲಿ, ವೀರನೆನಿಸಿಕೊಂಡವನು ಓಟದಲ್ಲಿ. ಇಡೀ ಚಿತ್ರದಲ್ಲಿ ತನ್ನ ಬಗ್ಗೆ ನಿಜ ಹೇಳಿದವನು ಓಡುತ್ತಿರುವವನೊಬ್ಬನೇ. ಅರ್ಜುನ ಅವನನ್ನು ತಿರಸ್ಕರಿಸಲಿಲ್ಲ, ಲಗಾಮು ಕೊಟ್ಟು ಸಾರಥಿಯಾಗಿ ಕೂರಿಸಿದ, ಹುಡುಗ ರಥ ಹೊಡೆದ. ಗಾದೆ ಒಲೆಯ ಮುಂದೆ ನಿಂತುಬಿಟ್ಟಿತು. ಭಾರತದ ಕಥೆ ಮುಂದೆ ಹೋಗುತ್ತದೆ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಈ ಉತ್ತರ ಸಾಯುತ್ತಾನೆ. ಸತ್ತದ್ದು ಯಾರ ಪಕ್ಷಕ್ಕಾಗಿ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

(ಈ ಮಾತಿಗೆ ಹಿರಿಯರು ತಕ್ಷಣ ಉತ್ತರ ಕೊಡಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ಆದರೆ ಒಂದು ಮಹಾಕಾವ್ಯದ ಒಂದು ಪ್ರಸಂಗದಿಂದ ಹಾಸ್ಯದ ಪಕ್ಷ ಗೆದ್ದಿತೆಂದು ಹೇಳುವುದು ಅವಸರವಾದೀತು. ಅವರ ಮುಂದಿನ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು.)

ಹಿರಿಯರು: ಕುಮಾರವ್ಯಾಸನಿಗೆ ಹತ್ತು ಪರ್ವಗಳಿದ್ದವು. ನಕ್ಕದ್ದನ್ನು ಅಳುವಾಗಿ ತಿರುಗಿಸಲು ಅವನಿಗೆ ಜಾಗವಿತ್ತು. ಒಂದು ಹಾಡಿನಷ್ಟೇ ಉದ್ದದ ಬರಹದಲ್ಲಿ ಈ ಕೆಲಸ ಹೇಗಾದೀತು? ಅಲ್ಲಿ ನಗೆ ಬಂತು, ಹೋಯಿತು.

ಉಪನ್ಯಾಸಕಿ: ಕುಂದಗೋಳ ತಾಲೂಕಿನ ಕಳಸದಲ್ಲಿ ಗೋವಿಂದ ಭಟ್ಟರೆಂಬ ಗುರುಗಳಿದ್ದರು. ಶಿಗ್ಗಾವಿ ಕಡೆಯ ಶಿಶುನಾಳದ ಶರೀಫರು, 1819ರಿಂದ 1889ರವರೆಗೆ ಬದುಕಿದವರು, ಅವರ ಶಿಷ್ಯರಾದರು. ಗುರು ಬ್ರಾಹ್ಮಣ, ಶಿಷ್ಯ ಮುಸಲ್ಮಾನ. ಗುರು ಶಿಷ್ಯನಿಗೆ ಜನಿವಾರ ಹಾಕಿದರೆಂಬ ಕಥೆಯನ್ನು ಈ ಭಾಗದಲ್ಲಿ ಇಂದಿಗೂ ಹೇಳುತ್ತಾರೆ, ಎರಡೂ ಕಡೆಯ ಮಂದಿ ಸಿಟ್ಟಾದರೆಂದೂ ಹೇಳುತ್ತಾರೆ. ನವಲಗುಂದದ ಅಜಾತ ನಾಗಲಿಂಗ ಸ್ವಾಮಿಗಳೂ ಇದೇ ಬಳಗದವರು. ಅವರ ಹುಚ್ಚಾಟದಂಥ ವರ್ತನೆಯ ಕಥೆಗಳಲ್ಲಿ ಎಲ್ಲಿ ತಮಾಷೆ ಮುಗಿಯಿತು, ಎಲ್ಲಿ ಉಪದೇಶ ಸುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಶರೀಫರು ಹಾಡಿದ್ದು ತತ್ತ್ವಪದ, ಅಂದರೆ ಏಕತಾರಿ, ದಮಡಿಗಳ ಜೊತೆ ಭಜನೆಯಲ್ಲಿ ಹಾಡುವ ಅನುಭಾವದ ಹಾಡು. ಅವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದರಲ್ಲಿ ಕೋಳಿ, ಆಡುಗಳಂಥ ಚಿಕ್ಕ ಪ್ರಾಣಿಗಳು ದೊಡ್ಡವನ್ನೂ, ಮನೆಬಳಕೆಯ ವಸ್ತುಗಳು ಅವನ್ನು ಬಳಸುವವರನ್ನೂ ನುಂಗುತ್ತ ಹೋಗುತ್ತವೆ. ಮೇಲ್ನೋಟಕ್ಕೆ ಅದು ಮಕ್ಕಳ ತಮಾಷೆ. ಆದರೆ ಇದು ಬೆಡಗು. ಅಂದರೆ ಲೋಕದ ಕ್ರಮವನ್ನು ತಲೆಕೆಳಗು ಮಾಡಿ ಒಳಗೆ ಒಂದು ಅನುಭವವನ್ನು ಅಡಗಿಸಿ ಹೇಳುವ ರೀತಿ, ಅಲ್ಲಮನ ವಚನಗಳಿಂದ ಬಂದ ದಾರಿ.

ಹಿರಿಯರು: ಅದನ್ನು ಕೇಳಿ ನಕ್ಕವರಲ್ಲಿ ಅಲ್ಲಮನವರೆಗೆ ಹೋದವರು ಎಷ್ಟು ಮಂದಿ? 1990ರಲ್ಲಿ ಶರೀಫರನ್ನು ಕುರಿತ ನಾಗಾಭರಣರ ಚಿತ್ರ ಬಂತು, ಅಶ್ವತ್ಥರ ಕಂಠದಲ್ಲಿ ಆ ಹಾಡುಗಳು ಮನೆಮನೆಗೆ ಹೋದವು. ಶಾಲೆಯ ಗ್ಯಾದರಿಂಗಿನಲ್ಲಿ ಮಕ್ಕಳು ಕೋಳಿಯ ವೇಷ ಹಾಕಿ ಕುಣಿದರು. ಆಳ ಇದ್ದರೂ ಅದು ಕೇಳುಗನಿಗೆ ಮುಟ್ಟದಿದ್ದರೆ, ಇದೆಯೆಂದು ಯಾಕೆ ಹೇಳಬೇಕು?

ಉಪನ್ಯಾಸಕಿ: ಹಾಡು ಎಲ್ಲಿ ಮುಗಿಯುತ್ತದೆಂಬುದನ್ನು ಮಕ್ಕಳೂ ಹಾಡಿಯೇ ಕುಣಿಯುತ್ತಾರೆ. ಒಂದನ್ನೊಂದು ನುಂಗುವ ಸಾಲು ಮುಂದುವರಿದು, ಕೊನೆಗೆ ಗುರುವಿನ ಪಾದ ಹಾಡುತ್ತಿರುವವನನ್ನೇ ನುಂಗುತ್ತದೆ. ಅಲ್ಲಿಯವರೆಗೆ ನಗೆ ಹೊರಗಿನದರ ಮೇಲಿತ್ತು. ಅಲ್ಲಿ ನಗುವವನೇ ಅದರ ಪಾಲಾಗುತ್ತಾನೆ. ಅಹಂಕಾರ ಇಲ್ಲವಾಗುವುದನ್ನು ಹೇಳಲು ನೂರು ಗಂಭೀರ ಹಾಡುಗಳಿವೆ, ಆದರೆ ಅವುಗಳಲ್ಲಿ ಬಹಳಷ್ಟನ್ನು ಹಾಡುವಾಗ ‘ಅಹಂಕಾರ ಅಳಿದವನು ನಾನು’ ಎಂಬ ಇನ್ನೊಂದು ಅಹಂಕಾರ ಸದ್ದಿಲ್ಲದೆ ಬಂದು ಕೂರುತ್ತದೆ. ಕೋಳಿ, ಆಡುಗಳ ಸಾಲಿನಲ್ಲಿ ಕೊನೆಯವನಾಗಿ ನಿಂತವನಿಗೆ ಆ ಬಿಂಕ ಸಾಧ್ಯವಿಲ್ಲ. ಈ ಆಳವನ್ನು ಗಾಂಭೀರ್ಯ ಮುಟ್ಟಲಾರದು, ಹಾಸ್ಯವೇ ಬೇಕು. ಭಜನಾ ಮೇಳದಲ್ಲಿ ಹತ್ತು ವರ್ಷದ ಹುಡುಗ ಕೋಳಿಗೆ ನಗುತ್ತಾನೆ, ಅವನ ಅಜ್ಜ ಕೊನೆಯ ನುಡಿಗೆ ಕಣ್ಣು ಮುಚ್ಚುತ್ತಾನೆ. ಇಬ್ಬರೂ ಹಾಡುವುದು ಅದೇ ಹಾಡನ್ನು.

ಹಿರಿಯರು: ಸರಿ, ಇದು ಅಪರೂಪದ ಎತ್ತರವೆಂದು ಒಪ್ಪಬಹುದು. ಈಗ ಸಾಮಾನ್ಯವಾಗಿ ನಡೆಯುವುದನ್ನು ನೋಡು. ಜಾತ್ರೆಗೊಂದು ಹಾಸ್ಯ ಸಂಜೆ, ಗಣಪತಿಗೊಂದು ನಗೆಹಬ್ಬ. ಕುಡುಕ, ಜಿಪುಣ, ಹೆಂಡತಿಗೆ ಹೆದರುವ ಗಂಡ ಇಷ್ಟೇ ಸರಕು. ಹಿಂದೆ ದೊಡ್ಡಾಟವೆಂಬ ಬಯಲುನಾಟಕದಲ್ಲಿ ಸಾರಥಿಯೆಂಬ ಪಾತ್ರ ಇರುತ್ತಿತ್ತು. ರಾಜ ಸಂಸ್ಕೃತ ಬೆರೆಸಿದ ಮಾತಿನಲ್ಲಿ ತನ್ನ ಹಿರಿಮೆ ಹೇಳಿಕೊಳ್ಳುತ್ತಿದ್ದರೆ ಸಾರಥಿ ಊರ ಮಾತಿನಲ್ಲಿ ನೀವು ಯಾರು, ಯಾವ ಊರು ಎಂದು ಕೇಳಿ ಅವನನ್ನು ನೆಲಕ್ಕೆ ಇಳಿಸುತ್ತಿದ್ದ. ಅದರಲ್ಲಿ ಸ್ವಲ್ಪ ಅರ್ಥವಿತ್ತು.

ಉಪನ್ಯಾಸಕಿ: ಈ ವಿಷಯದಲ್ಲಿ ತಮ್ಮ ಮಾತಿಗೆ ಎದುರಿಲ್ಲ. ಸಾರಥಿ ನಗುತ್ತಿದ್ದದ್ದು ಸಿಂಹಾಸನದ ಕಡೆಗೆ. ಈಗಿನ ವೇದಿಕೆಯ ನಗೆ ಬಹುಪಾಲು ಅಡುಗೆಮನೆಯ ಕಡೆಗೆ. ತನಗಿಂತ ಬಲವಿಲ್ಲದವರನ್ನು ನೋಡಿ ನಗುವವನಿಗೆ ಹೊಸದಾಗಿ ತಿಳಿಯುವುದು ಏನೂ ಇರುವುದಿಲ್ಲ, ಆದ್ದರಿಂದ ಆ ನಗೆ ಎಷ್ಟು ಚುರುಕಾಗಿದ್ದರೂ ತೆಳುವೇ. 1729ರಲ್ಲಿ ಐರ್ಲೆಂಡಿನ ಜೊನಾಥನ್ ಸ್ವಿಫ್ಟ್, ಬಡವರ ಕೂಸುಗಳನ್ನು ಶ್ರೀಮಂತರ ಊಟಕ್ಕೆ ಮಾರಿದರೆ ದೇಶದ ಬಡತನ ನೀಗುತ್ತದೆಂದು ಲೆಕ್ಕಪತ್ರ ಸಮೇತ ಒಂದು ಸಲಹೆ ಬರೆದ. ಅವನ ನಗೆ ಕೂಸುಗಳ ಮೇಲಲ್ಲ, ಇಂಥ ಲೆಕ್ಕ ಹಾಕಲು ಕಲಿತ ಸಭ್ಯರ ಮೇಲೆ. ಅದನ್ನು ಓದಿ ನಗಲು ಹೋದವನಿಗೆ ನಗೆ ಗಂಟಲಲ್ಲೇ ನಿಲ್ಲುತ್ತದೆ.

ಹಿರಿಯರು: ಹಾಗಾದರೆ ಬರೆಯುವವರೇ ಯಾಕೆ ಎರಡನ್ನೂ ಬೇರೆ ಇಡುತ್ತಾರೆ? ಹುಬ್ಬಳ್ಳಿಯಿಂದ ಹೊರಡುತ್ತಿದ್ದ ಕಸ್ತೂರಿಯ ಸಂಪಾದಕರಾಗಿದ್ದ ಪಾ. ವೆಂ. ಆಚಾರ್ಯರು ಪದಗಳ ಬಗ್ಗೆ ಅಷ್ಟು ವಿದ್ವತ್ತಿನಿಂದ ಬರೆದವರು. ಹರಟೆ ಬರೆಯುವಾಗ ಲಾಂಗೂಲಾಚಾರ್ಯ ಎಂದು ಬೇರೆ ಹೆಸರು ಇಟ್ಟುಕೊಂಡರು. ತಮ್ಮ ವಿದ್ವತ್ತಿಗೆ ನಗೆಯ ಮೈಲಿಗೆ ಬೇಡವೆಂದಲ್ಲವೇ?

ಉಪನ್ಯಾಸಕಿ: ಲಾಂಗೂಲವೆಂದರೆ ಬಾಲ. ಆಚಾರ್ಯ ಎಂಬ ಬಿರುದಿಗೆ ತಾವೇ ಬಾಲ ಅಂಟಿಸಿಕೊಂಡವರು ವಿದ್ವತ್ತನ್ನು ಕಾಪಾಡಿಕೊಳ್ಳಲು ಹಾಗೆ ಮಾಡಿದರೆಂದು ಹೇ­ಳುವುದು ಕಷ್ಟ. ವಿದ್ವಾಂಸನೆದುರು ಒಬ್ಬ ಸಾರಥಿಯನ್ನು ನಿಲ್ಲಿಸಿಕೊಂಡರೆಂದು ಹೇಳಬಹುದು. ಎರಡು ಹೆಸರುಗಳ ಅಗತ್ಯ ಇದ್ದದ್ದು ಬಹುಶಃ ಓದುಗರಿಗೆ, ವಿಮರ್ಶಕರಿಗೆ. ಅವರ ಕಪಾಟಿನಲ್ಲಿ ಎರಡೇ ಹಲಗೆಗಳು, ಒಂದು ಗಂಭೀರಕ್ಕೆ, ಒಂದು ಹಾಸ್ಯಕ್ಕೆ. ಪಠ್ಯಪುಸ್ತಕ ಮಾಡುವವರದೂ ಅದೇ ಕಪಾಟು. ಉತ್ತರನ ಪ್ರಸಂಗವನ್ನು ತರಗತಿಯಲ್ಲಿ ಇಟ್ಟಾಗ ಅವನು ಓಡುವುದರ ಹತ್ತಿರ ಪಾಠ ನಿಂತುಬಿಟ್ಟರೆ ಮಕ್ಕಳು ಒಂದು ಗಾದೆಯನ್ನು ಕಲಿತು ಮನೆಗೆ ಹೋಗುತ್ತಾರೆ.

ಹಿರಿಯರು: ಪುರಾಣದಲ್ಲಿಯೂ ಹಾಗೆಯೇ ಆಗುತ್ತದೆ. ಗೋಗ್ರಹಣ ಮುಗಿದು, ಅಭಿಮನ್ಯುವಿಗೂ ಉತ್ತರೆಗೂ ಲಗ್ನವಾಗಿ, ಮಂಗಳಾರತಿಯಾಗಿ, ಜನ ಮೋಡದ ಕಡೆಗೆ ನೋಡುತ್ತ ಎದ್ದು ಹೋಗುತ್ತಾರೆ. ಮಳೆ ಬೇಡುವವರಿಗೆ ಯುದ್ಧಪರ್ವ ಬೇಕಾಗಿರುವುದಿಲ್ಲ. ಆದರೂ ಹಾಸ್ಯವೆಲ್ಲಕ್ಕೂ ಆಳವುಂಟೆಂಬ ಮಾತನ್ನು ಒಪ್ಪಲಾಗುವುದಿಲ್ಲ, ತಂಗಿ. ಉತ್ತರನ ಹಾಸ್ಯಕ್ಕೆ ಉಂಟು, ಶರೀಫರದಕ್ಕೆ ಉಂಟು. ಅಷ್ಟನ್ನು ಬರೆದುಕೊ.

ಉಪನ್ಯಾಸಕಿ: ಅಷ್ಟು ಸಾಕು, ಗುರುಗಳೇ, ಗಂಭೀರ ಬರಹಗಳಲ್ಲಿಯೂ ಎಲ್ಲಕ್ಕೂ ಆಳವಿಲ್ಲ. ಒಂದು ಕೋರಿಕೆ ಮಾತ್ರ ಉಳಿಯಿತು. ಈ ವರ್ಷ ಎಲ್ಲಿಯಾದರೂ ವಿರಾಟಪರ್ವ ಹಚ್ಚಿದರೆ, ಲಗ್ನದ ಮಂಗಳಾರತಿಗಿಂತ ಮೊದಲು, ಶಲ್ಯ ಮತ್ತು ಉತ್ತರರ ಕಾಳಗದ ಸಂಗತಿಯನ್ನು ತಾವು ಅರ್ಥ ಹೇಳುವಾಗ ಒಂದು ಮಾತಿನಲ್ಲಾದರೂ ಸೇರಿಸಬೇಕು.